ಕರಾರಿನಲ್ಲಿ ಇಲ್ಲದ ಹೆಸರು

ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ಪ್ರವಾಸಿಗರಿಗೆ ದಿನಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಪರವಾನಗಿ ಪಡೆದ ಮನೆಗಳು 10,101. 2028ರ ನವೆಂಬರ್ ಹೊತ್ತಿಗೆ ಇವುಗಳಲ್ಲಿ ಒಂದರ ಪರವಾನಗಿಯನ್ನೂ ಮುಂದುವರಿಸುವುದಿಲ್ಲ ಎಂದು ಅಲ್ಲಿಯ ಮೇಯರ್ ಜೌಮೆ ಕೊಲ್ಬೋನಿ 2024ರ ಜೂನ್‌ನಲ್ಲಿ ಹೇಳಿದರು. ಹತ್ತು ವರ್ಷಗಳಲ್ಲಿ ಮನೆ ಬಾಡಿಗೆ ಶೇ. 68ರಷ್ಟು ಏರಿದೆ, ಊರಿನವರಿಗೇ ಊರಿನಲ್ಲಿ ಮನೆ ಸಿಗುತ್ತಿಲ್ಲ ಎಂಬುದು ಅವರು ಕೊಟ್ಟ ಕಾರಣ. ಮರುತಿಂಗಳು ಸಾವಿರಾರು ಜನ ಬೀದಿಗಿಳಿದರು. ರಸ್ತೆ ಬದಿಯಲ್ಲಿ ಕೂತು ಊಟ ಮಾಡುತ್ತಿದ್ದ ಪ್ರವಾಸಿಗರ ಮೇಲೆ ಕೆಲವರು ಆಟದ ಪಿಸ್ತೂಲಿನಿಂದ ನೀರು ಚಿಮ್ಮಿಸಿದರು. ಇದನ್ನೆಲ್ಲ ನಾನು ಮಧುಗಿರಿಯ ನನ್ನ ಮನೆಯಲ್ಲಿ ಕೂತು ಓದಿದ್ದೆ. ಓದಿಯೂ, ಮುಂದಿನ ಬೇಸಿಗೆಯಲ್ಲಿ ಆ 10,101 ಮನೆಗಳಲ್ಲಿ ಒಂದನ್ನು ಕೆಲವು ದಿನಗಳ ಮಟ್ಟಿಗೆ ಹಿಡಿದೆ.

ಓದಿದ ಸುದ್ದಿಯೂ ಹಿಡಿದ ಮನೆಯೂ ನನ್ನ ತಲೆಯಲ್ಲಿ ಒಂದನ್ನೊಂದು ಸಂಧಿಸಲೇ ಇಲ್ಲವಲ್ಲ, ಅದು ಹೇಗೆ ಎಂದು ಈಗ ಕೇಳಿಕೊಳ್ಳುತ್ತಿದ್ದೇನೆ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸಿದವನು. ಬೇಡಿಕೆ, ಪೂರೈಕೆ, ಬೆಲೆ ಎಂದು ಬೋರ್ಡಿನ ಮೇಲೆ ಗೆರೆ ಎಳೆದವನು. ಒಂದು ಮನೆ ಪ್ರವಾಸಿಗರ ಕಡೆ ಹೋದರೆ ಊರಿನವರ ಕಡೆ ಒಂದು ಮನೆ ಕಡಿಮೆಯಾಗುತ್ತದೆ ಎಂಬುದು ನನಗೆ ತಿಳಿಯದ ವಿಷಯವಲ್ಲ. ತಿಳಿದದ್ದು ಯಾಕೆ ಕೈಯನ್ನು ತಡೆಯಲಿಲ್ಲ ಎಂಬುದಕ್ಕೆ ಉತ್ತರ ಹುಡುಕುತ್ತ ಹೋದಾಗ, ಅದು ಬಾರ್ಸಿಲೋನಾದಲ್ಲಿ ಸಿಗಲಿಲ್ಲ, ನಮ್ಮ ಪಾವಗಡ ತಾಲ್ಲೂಕಿನ ಹೊಲದಲ್ಲಿ ಸಿಕ್ಕಿತು. ಆ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೋದ ಕಾರಣ ಹೇಳಬೇಕು. ಮಗಳು ಅಲ್ಲಿ ಸ್ನಾತಕೋತ್ತರ ಓದುತ್ತಿದ್ದಾಳೆ. ನಗರದ ಅಂಚಿಗೆ ಅಂಟಿಕೊಂಡಿರುವ ಹಾಸ್ಪಿಟಲೆಟ್ ಎಂಬ ಊರಿನಲ್ಲಿ ಇತರ ಹುಡುಗಿಯರ ಜೊತೆ ಒಂದು ಮನೆಯಲ್ಲಿ ಒಂದು ಕೋಣೆ ಅವಳದು. ಆ ಕೋಣೆ ಸಿಗುವ ಮುನ್ನ ತಿಂಗಳುಗಟ್ಟಲೆ ಅಲೆದಿದ್ದಳು. ರಾತ್ರಿ ಫೋನಿನಲ್ಲಿ, "ಅಪ್ಪಾ, ಇವತ್ತೂ ಸಿಗಲಿಲ್ಲ, ನಾವು ಹೋಗೋ ಹೊತ್ತಿಗೆ ಬೇರೆಯವರು ಅಡ್ವಾನ್ಸ್ ಕೊಟ್ಟುಬಿಟ್ಟಿದ್ದರು" ಎನ್ನುತ್ತಿದ್ದಳು. ಆಗ ಆ ನಗರದ ಮನೆ ಮಾಲೀಕರ ಮೇಲೆ ನನಗೆ ಬಂದ ಸಿಟ್ಟು ಸಾಮಾನ್ಯದ್ದಲ್ಲ. ಅವಳ ಓದು ಮುಗಿಯುವುದರೊಳಗೆ ಅಮ್ಮನನ್ನು ಒಮ್ಮೆ ಕರೆದುಕೊಂಡು ಹೋಗಬೇಕು ಎಂದು ನನಗೂ ನನ್ನ ಹೆಂಡತಿಗೂ ಆಸೆ. ಅಮ್ಮನಿಗೆ ಎಪ್ಪತ್ತು ದಾಟಿದೆ. ಶಿರಾ ಸೀಮೆಯ ಹಳ್ಳಿಯಲ್ಲಿ ಹುಟ್ಟಿ, ಪಾವಗಡ ತಾಲ್ಲೂಕಿಗೆ ಸೊಸೆಯಾಗಿ ಬಂದು, ಅಪ್ಪ ತೀರಿಕೊಂಡ ಮೇಲೆ ಮಧುಗಿರಿಯಲ್ಲಿ ನಮ್ಮ ಜೊತೆ ಇರುವವಳು. ಮಧ್ಯಾಹ್ನ ಮುದ್ದೆ ಇಲ್ಲದಿದ್ದರೆ ಊಟ ಮಾಡಿದ ಹಾಗೇ ಆಗುವುದಿಲ್ಲ ಅವಳಿಗೆ. ಸಾಮಾನ್ಯ ಹೋಟೆಲಿನಲ್ಲಿ ಒಲೆ ಇರುವುದಿಲ್ಲ. ಎರಡು ರೂಮು ಹಿಡಿದರೆ ದುಡ್ಡೂ ಹೆಚ್ಚು. ಅಡುಗೆಮನೆ ಇರುವ, ನಾಲ್ಕು ಜನ ಒಟ್ಟಿಗೆ ಇರಬಹುದಾದ ಮನೆ ಅರ್ಧ ಖರ್ಚಿನಲ್ಲಿ ಸಿಗುತ್ತಿತ್ತು. ನಮ್ಮಂಥ ಮನೆತನಗಳು ಯುರೋಪಿಗೆ ಹೋದಾಗ ಇಂಥ ಮನೆಗಳನ್ನು ಹಿಡಿಯುವುದು ಬಹುಮಟ್ಟಿಗೆ ಈ ಒಲೆಗಾಗಿಯೇ. ಅದರಲ್ಲಿ ನಾಚಿಕೆಪಡುವಂಥದ್ದು ಇದೆ ಎಂದು ಇಂದಿಗೂ ನನಗೆ ಅನ್ನಿಸುವುದಿಲ್ಲ.

ವೀಸಾ ಅರ್ಜಿಗೆ ಬೇಕಾದ ಕಾಗದಗಳು ಹಲವು. ಪ್ರತಿ ರಾತ್ರಿ ಎಲ್ಲಿ ತಂಗುತ್ತೀರಿ ಎಂಬುದಕ್ಕೆ ಬುಕಿಂಗ್ ಪತ್ರ, 30,000 ಯೂರೋ ಮೊತ್ತದ ಪ್ರಯಾಣ ವಿಮೆ, ತಲೆಗೆ 90 ಯೂರೋ ಶುಲ್ಕ, ಬ್ಯಾಂಕಿನ ಲೆಕ್ಕಪತ್ರ. ಅಮ್ಮನ ಪಾಸ್‌ಬುಕ್ಕಿನಲ್ಲಿ ಹೇಳಿಕೊಳ್ಳುವಂಥ ಆದಾಯವೆಂದರೆ ಒಂದೇ. ಹೊಲದ ಗುತ್ತಿಗೆಯ ಹಣ. ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಕಾಗದ ನೋಡಿದ ಹುಡುಗಿ ಆ ಸಾಲಿನ ಮೇಲೆ ಬೆರಳಿಟ್ಟು "ಇದು ಏನು?" ಎಂದಳು. "ಸೋಲಾರಿಗೆ ಕೊಟ್ಟಿರೋ ಜಮೀನಿನ ಬಾಡಿಗೆ" ಎಂದೆ. ಅವಳು ಟಿಕ್ ಹಾಕಿದಳು. ನಾನೂ ಅಷ್ಟಕ್ಕೇ ಬಿಟ್ಟೆ.

ಮನೆ ಇದ್ದದ್ದು ಎಶಾಂಪ್ಲ ಎಂಬ ಬಡಾವಣೆಯ ಸಾಂತ್ ಆಂತೋನಿ ಭಾಗದಲ್ಲಿ. ಮೇಲಿನಿಂದ ನೋಡಿದರೆ ಚೌಕಬಾರದ ಮನೆಯಂತೆ ಕಾಣುವ, ಮೂಲೆಗಳನ್ನು ಕತ್ತರಿಸಿದ ಚೌಕಗಳ ಬಡಾವಣೆ ಅದು. 1859ರಲ್ಲಿ ಇಲ್ದೆಫೋನ್ಸ್ ಸೆರ್ದಾ ಎಂಬ ಎಂಜಿನಿಯರ್ ಮಾಡಿದ ನಕ್ಷೆ. ಪ್ರತಿ ಚೌಕದಲ್ಲೂ ಎರಡೇ ಬದಿಗೆ ಮನೆ ಕಟ್ಟಿ, ನಡುವೆ ಗಾಳಿ ಬೆಳಕು ಗಿಡಮರ ಎಲ್ಲರಿಗೂ ಸಿಗಬೇಕು ಎಂಬುದು ಅವನ ಆಸೆ. ಜಾಗದ ಒಡೆಯರು ನಾಲ್ಕೂ ಬದಿಗೆ ಕಟ್ಟಿ ನಡುವಿನ ಜಾಗವನ್ನೂ ತುಂಬಿಸಿದರು. ಅಲ್ಲಿಯ ಮಹಡಿಗಳ ಲೆಕ್ಕವೂ ಬೇರೆ. ನೆಲಮಹಡಿ ಆದ ಮೇಲೆ ನಡುಮಹಡಿ, ಅದರ ಮೇಲೆ ಮುಖ್ಯಮಹಡಿ, ಆಮೇಲೆ ಒಂದನೆಯದು. ಮೂರನೇ ಮಹಡಿ ಎಂದು ಬುಕಿಂಗ್ ಪತ್ರದಲ್ಲಿದ್ದದ್ದು ಹತ್ತುವಾಗ ಐದನೆಯದಾಯಿತು. ಲಿಫ್ಟಿನಲ್ಲಿ ಅಮ್ಮ ಮತ್ತು ಒಂದು ಪೆಟ್ಟಿಗೆ ಹಿಡಿದರೆ ಮತ್ತೊಬ್ಬರಿಗೆ ಜಾಗವಿಲ್ಲ.

ಮನೆಯ ಒಡೆಯರನ್ನು ನಾವು ನೋಡಲೇ ಇಲ್ಲ. ಪಾಸ್‌ಪೋರ್ಟಿನ ವಿವರ ಮೊದಲೇ ತರಿಸಿಕೊಂಡಿದ್ದರು. ತಂಗುವವರ ವಿವರವನ್ನು ಸರ್ಕಾರಕ್ಕೆ ಒಪ್ಪಿಸಬೇಕು ಎಂಬ ಕಾನೂನು ಅಲ್ಲಿದೆ. ಬಾಗಿಲ ಪಕ್ಕದ ಪುಟ್ಟ ಪೆಟ್ಟಿಗೆಗೆ ಅಂಕಿ ಒತ್ತಿದರೆ ಕೀಲಿಕೈ ಸಿಗುತ್ತಿತ್ತು. ಒಳಗೆ ನೆಲದ ಮೇಲೆ ಬಣ್ಣದ ಚಿತ್ತಾರದ ಹಳೆಯ ಟೈಲ್ಸು, ಎತ್ತರದ ಸೂರು, ಬೀದಿಯ ಕಡೆ ಬಾಲ್ಕನಿ. ಗೋಡೆಗಳಿಗೆ ಹೊಸ ಬಿಳಿ ಬಣ್ಣ. ಗೋಡೆಯ ಮೇಲೆ ಯಾರ ಫೋಟೋವೂ ಇಲ್ಲ. ಅಮ್ಮ ಎಲ್ಲ ಕೋಣೆ ಸುತ್ತಿ ಬಂದು, "ಈ ಮನೇಲಿ ಮಕ್ಕಳು ಬೆಳೆದಿದಾವೆ ಕಣೋ" ಎಂದಳು. ಹೇಗೆ ಗೊತ್ತು ಎಂದರೆ ಅಡುಗೆಮನೆಯ ಬಾಗಿಲ ಚೌಕಟ್ಟು ತೋರಿಸಿದಳು. ಬಣ್ಣದ ಕೆಳಗೂ ಗೊತ್ತಾಗುವಂತೆ ಗೀಚು ಗೆರೆಗಳು, ಒಂದರ ಮೇಲೊಂದು. ಮಗುವನ್ನು ನಿಲ್ಲಿಸಿ ಎತ್ತರ ಗುರುತು ಹಾಕಿದ್ದು. ನನ್ನ ಮಗಳಿಗೂ ನಾವು ಮಧುಗಿರಿಯ ಮನೆಯಲ್ಲಿ ಹಾಗೆ ಹಾಕಿದ್ದೇವೆ.

ಮರುದಿನದಿಂದ ಅಮ್ಮ ಅಡುಗೆಮನೆ ಹಿಡಿದಳು. ರಾಗಿ ಹಿಟ್ಟು, ಹುರುಳಿಕಾಳು, ಮುದ್ದೆ ಕೋಲು ಊರಿನಿಂದಲೇ ತಂದಿದ್ದಳು. ತೊಗರಿಬೇಳೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಪಕ್ಕದ ರವಾಲ್ ಬೀದಿಗಳಲ್ಲಿ ಪಾಕಿಸ್ತಾನ, ಬಾಂಗ್ಲಾದೇಶದವರ ಅಂಗಡಿಗಳಲ್ಲಿ ಸಿಕ್ಕವು. ಬೆಳಿಗ್ಗೆ ಬೀದಿಯಲ್ಲಿ ಕಬ್ಬಿಣ ಬಡಿದ ಸದ್ದು ಕೇಳಿ ಬಾಲ್ಕನಿಗೆ ಓಡಿದಳು. ಕಿತ್ತಳೆ ಬಣ್ಣದ ಗ್ಯಾಸ್ ಸಿಲಿಂಡರುಗಳನ್ನು ಕೈಗಾಡಿಯಲ್ಲಿ ತಳ್ಳುತ್ತ, ಬಡಿದು ಸದ್ದು ಮಾಡುತ್ತ ಒಬ್ಬ ಬರುತ್ತಿದ್ದ. ಎದುರಿನ ಮನೆಯ ಮುದುಕರೊಬ್ಬರು ಮೇಲಿನಿಂದ ಕೈ ಬೀಸಿದರು, ಅವನು ಸಿಲಿಂಡರ್ ಹೆಗಲಿಗೇರಿಸಿ ಹತ್ತಿದ. ಹಳೆಯ ಮನೆಗಳಲ್ಲಿ ಇನ್ನೂ ಕೊಳವೆ ಗ್ಯಾಸ್ ಇಲ್ಲದವರಿಗೆ ಅದೇ ಗತಿ ಎಂದಳು ಮಗಳು. ಅಮ್ಮನಿಗೆ ಆ ನಗರ ಒಪ್ಪಿಗೆಯಾದದ್ದು ಆ ಹೊತ್ತಿನಲ್ಲಿ. ಸಗ್ರಾದಾ ಫಮಿಲಿಯಾ ಎಂಬ, 1882ರಲ್ಲಿ ಶುರುವಾಗಿ ಇನ್ನೂ ಕೆಲಸ ನಡೆಯುತ್ತಿರುವ ಆ ಮಹಾ ಇಗರ್ಜಿಯನ್ನು ನೋಡಿ ಬಂದ ದಿನವೂ ಅವಳು ರಾತ್ರಿ ಮಾತಾಡಿದ್ದು ಸಿಲಿಂಡರಿನವನ ವಿಷಯ.

ನಮ್ಮ ಎದುರು ಬಾಗಿಲಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಇದ್ದರು. ಮೊದಲ ದಿನ ಮೆಟ್ಟಿಲಲ್ಲಿ ಎದುರಾದಾಗ ನಾನು ನಮಸ್ಕರಿಸಿದೆ. ಅವರು ತಲೆಯಾಡಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನನಗೆ ಸ್ವಲ್ಪ ಬೇಸರವಾಯಿತು. ಅಮ್ಮನಿಗೆ ಹಾಗಾಗಲಿಲ್ಲ. ನಮ್ಮ ಕಡೆ ಹೊಸ ಮನೆಗೆ ಬಂದವರು ಪಕ್ಕದವರಿಗೆ ಏನಾದರೂ ಕೊಟ್ಟೇ ಕೊಡುತ್ತಾರೆ. ಊರಿನಿಂದ ತಂದಿದ್ದ ಕಡಲೆಕಾಯಿ ಉಂಡೆಗಳನ್ನು ತಟ್ಟೆಗೆ ಹಾಕಿಕೊಂಡು, ಮೊಮ್ಮಗಳನ್ನು ಕರೆದುಕೊಂಡು, ಹೋಗಿ ಆ ಬಾಗಿಲು ತಟ್ಟಿದಳು. ನಾನು ಬೇಡ ಎಂದು ಹಿಂದೆ ನಿಂತಿದ್ದೆ.

ಬಾಗಿಲು ತೆರೆದ ಆ ಅಮ್ಮ ತಟ್ಟೆಯನ್ನೂ ನಮ್ಮಮ್ಮನ ಮುಖವನ್ನೂ ನೋಡಿದರು. ಮಗಳು ಸ್ಪ್ಯಾನಿಷಿನಲ್ಲಿ ಹೇಳಿದ ಮೇಲೆ ಮುಖ ಸಡಿಲವಾಯಿತು. ಉಂಡೆ ತೆಗೆದುಕೊಂಡರು, ಒಳಗೆ ಕರೆದು ಕೂರಿಸಿದರು. ಇಬ್ಬರು ಮುದುಕಿಯರು ಒಬ್ಬರಿಗೊಬ್ಬರು ಮಂಡಿ ತೋರಿಸಿಕೊಂಡು ನೋವಿನ ವಿಷಯ ಮಾತಾಡಿದರು. ಅದಕ್ಕೆ ಭಾಷಾಂತರ ಬೇಕಾಗಲಿಲ್ಲ. ಆಮೇಲೆ ಅವರು ಹೇಳಿದ್ದನ್ನು ಮಗಳು ಕನ್ನಡಕ್ಕೆ ತಂದು ಹೇಳಿದಳು. ಈ ಮೆಟ್ಟಿಲಿಗೆ ಸೇರಿದ ಎಲ್ಲ ಮನೆಗಳಲ್ಲೂ ಒಂದು ಕಾಲದಲ್ಲಿ ಸಂಸಾರಗಳಿದ್ದವು. ಈಗ ಅಂಕಿ ಪೆಟ್ಟಿಗೆ ಇಲ್ಲದ ಬಾಗಿಲುಗಳು ಕೆಲವೇ. ನಾವಿದ್ದ ಮನೆಯಲ್ಲಿ ಒಂದು ದಂಪತಿ, ಇಬ್ಬರು ಮಕ್ಕಳು ಬಾಡಿಗೆಗೆ ಇದ್ದರು. ಕರಾರಿನ ಅವಧಿ ಮುಗಿದ ಮೇಲೆ ಒಡೆಯರು ಮುಂದುವರಿಸಲಿಲ್ಲ. ಆ ಸಂಸಾರದ ಹೆಂಗಸು ಇವರಿಗೆ ಔಷಧಿ ತಂದುಕೊಡುತ್ತಿದ್ದರಂತೆ, ಮಕ್ಕಳು ಸಂಜೆ ಇಲ್ಲಿಯೇ ಕೂತು ಪಾಠ ಬರೆಯುತ್ತಿದ್ದವಂತೆ. ಈಗ ಅವರು ದೂರದ ಊರಿನಲ್ಲಿದ್ದಾರೆ. "ವಾರಕ್ಕೊಮ್ಮೆ ಹೊಸ ಮುಖ. ಯಾರ ಮೇಲೂ ನನಗೆ ಸಿಟ್ಟಿಲ್ಲ. ಆದರೆ ಹೆಸರು ಕೇಳುವುದನ್ನು ಬಿಟ್ಟುಬಿಟ್ಟಿದ್ದೇನೆ" ಎಂದರು.

ಮಗಳು ಇಷ್ಟನ್ನು ಹೇಳುವಾಗ ಅವಳ ದನಿ ಒಂದು ಥರ ಆಯಿತು. ಹೊರಗೆ ಬಂದ ಮೇಲೆ, "ಅಪ್ಪಾ, ನಾನು ರೂಮು ಹುಡುಕುವಾಗ ಈ ಏರಿಯಾದಲ್ಲೂ ಕೇಳಿದ್ದೆ" ಎಂದಳು. ಬೇರೇನೂ ಅನ್ನಲಿಲ್ಲ. ಅವಳಿಗೆ ಸಿಗದ ಮನೆಗಳಲ್ಲಿ ಒಂದನ್ನು ನಾನು ಅವಳನ್ನು ನೋಡಲು ಬಂದು ಹಿಡಿದಿದ್ದೆ. ಅವಳಿಗಾಗಿ ಅಲ್ಲಿಯ ಮಾಲೀಕರ ಮೇಲೆ ಸಿಟ್ಟುಮಾಡಿಕೊಂಡವನೂ ನಾನೇ, ಅವರಲ್ಲಿ ಒಬ್ಬರಿಗೆ ಹೆಚ್ಚಿನ ದುಡ್ಡು ಕೊಟ್ಟು ಅವರ ನಿರ್ಧಾರ ಲಾಭದ್ದೆಂದು ತೋರಿಸಿಕೊಟ್ಟವನೂ ನಾನೇ.

ರಾತ್ರಿ ಅಮ್ಮ ಮಲಗುವ ಮುನ್ನ ಅಂದಳು: "ನಮ್ಮ ಕಗ್ಗಲಡಿನ ಕೊಕ್ಕರೆಗಳೂ ಎಲ್ಲಿಂದಲೋ ಬರ್ತವೆ, ಹುಣಸೆ ಮರದಲ್ಲಿ ಗೂಡು ಕಟ್ತವೆ, ಮರಿ ಮಾಡ್ಕೊಂಡು ಹೋಗ್ತವೆ. ಊರೋರು ಒಂದು ಕಲ್ಲು ಹೊಡೆಯಲ್ಲ. ಆದ್ರೆ ಅವು ಯಾರ ಮನೇನೂ ಖಾಲಿ ಮಾಡಿಸಲ್ಲ." ಶಿರಾ ತಾಲ್ಲೂಕಿನ ಕಗ್ಗಲಡು ಅವಳ ತವರಿಗೆ ಹತ್ತಿರದ ಊರು. ಬಣ್ಣದ ಕೊಕ್ಕರೆಗಳನ್ನು ಊರಿಗೆ ಊರೇ ಕಾಯುವುದನ್ನು ಚಿಕ್ಕಂದಿನಲ್ಲಿ ನಾನೂ ನೋಡಿದ್ದೇನೆ. ನಾನು, "ಅಮ್ಮ, ನಾವು ದುಡ್ಡು ಕೊಟ್ಟಿದೀವಿ" ಎಂದೆ. "ಯಾರಿಗೆ?" ಎಂದಳು.

ಆ ಪ್ರಶ್ನೆಯನ್ನು ಅಮ್ಮ ಜಗಳಕ್ಕೆಂದು ಕೇಳಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು. ಮಾಲೀಕರಿಗೆ ಎಂದೆ. ಆ ಮಾತು ಬಾಯಿಂದ ಹೊರಟ ಕೂಡಲೇ ಅದನ್ನು ಹಿಂದೆ ಒಮ್ಮೆ, ಇದೇ ರೀತಿಯಲ್ಲಿ, ಇದೇ ಸಮಾಧಾನಕ್ಕೆ ಹೇಳಿದ್ದು ನೆನಪಾಯಿತು.

ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ ತಿರುಮಣಿ, ವಳ್ಳೂರು, ರಾಯಚೆರ್ಲು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕ್ ಇದೆ. ಸಾಮರ್ಥ್ಯ 2,050 ಮೆಗಾವ್ಯಾಟ್. 2018ರ ಮಾರ್ಚ್‌ನಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು, ಮುಂದಿನ ವರ್ಷದ ಕೊನೆಗೆ ಪೂರ್ತಿಯಾಯಿತು. ಇದರ ದೊಡ್ಡ ವಿಶೇಷವೆಂದರೆ ರೈತರ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಕೊಂಡುಕೊಳ್ಳಲಿಲ್ಲ. ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ, 28 ವರ್ಷದ ಕರಾರು. ಒಡೆತನ ನಮ್ಮದೇ. ಮಳೆ ಕೈಕೊಟ್ಟು, ಕೊಳವೆಬಾವಿ ಬತ್ತಿ, ಕಡಲೆಕಾಯಿಯ ಬಿತ್ತನೆ ಬೀಜದ ದುಡ್ಡೂ ಹುಟ್ಟದ ವರ್ಷಗಳನ್ನು ಕಂಡ ನಮಗೆ ಆ 21,000 ದೇವರು ಕೊಟ್ಟ ಹಾಗಿತ್ತು. ಅಪ್ಪನ ನಂತರ ಜಮೀನು ಅಮ್ಮನ ಹೆಸರಿಗೆ ಬಂದಿತ್ತು. ಕರಾರಿಗೆ ಹೆಬ್ಬೆಟ್ಟು ಒತ್ತಿಸಲು ಅವಳನ್ನು ಕರೆದುಕೊಂಡು ಹೋದವನು ನಾನೇ. ಆ ಯೋಜನೆಯನ್ನು ಆಗಲೂ ಮೆಚ್ಚಿದ್ದೆ, ಈಗಲೂ ಮೆಚ್ಚುತ್ತೇನೆ. ಭೂಮಿ ಕಳೆದುಕೊಳ್ಳದೆ ವರಮಾನ ಬರುವಂತೆ ಮಾಡಿದ ಇಂಥ ವ್ಯವಸ್ಥೆ ದೇಶದಲ್ಲಿ ಅಪರೂಪ.

ಆ ಹೊಲದಲ್ಲಿ ನಾವು ಎಂದೂ ಬಗ್ಗಿ ಕಳೆ ಕಿತ್ತವರಲ್ಲ. ನಾನು ಮಧುಗಿರಿಯಲ್ಲಿ ಪಾಠ ಹೇಳುತ್ತಿದ್ದೆ. ಅಪ್ಪನಿಗೆ ಆಗುತ್ತಿರಲಿಲ್ಲ. ಹೊಲ ನೋಡಿಕೊಂಡದ್ದು ಊರಿನ ಕಾಲೋನಿಯ ಒಂದು ಸಂಸಾರ. ಉಳುಮೆ, ಬಿತ್ತನೆ, ಕಳೆ, ಕೀಳುವುದು ಎಲ್ಲಕ್ಕೂ ಅವರೇ. ಕಡಲೆಕಾಯಿ ಬಿಡಿಸುವ ಕಾಲಕ್ಕೆ ಮನೆಯ ಹೆಂಗಸರು, ಮಕ್ಕಳು, ಅಕ್ಕಪಕ್ಕದವರೂ ಬರುತ್ತಿದ್ದರು. ಬಳ್ಳಿ ಕಿತ್ತ ಮೇಲೆ ಮಣ್ಣಿನಲ್ಲಿ ಉಳಿದ ಕಾಯಿಯನ್ನು ಹಕ್ಕಲು ಆಯ್ದುಕೊಳ್ಳುವುದು ಅವರ ಪಾಲು; ಅದನ್ನು ಯಾರೂ ಕೇಳುತ್ತಿರಲಿಲ್ಲ, ಯಾರೂ ಕೊಡುತ್ತಿರಲಿಲ್ಲ, ಅದು ಅವರದೇ. ಬಳ್ಳಿಯ ಮೇವಿನಲ್ಲಿ ಅವರ ಎಮ್ಮೆಗೆ ಒಂದು ಪಾಲು. ಬೆಳೆ ಇಲ್ಲದ ತಿಂಗಳಲ್ಲಿ ಕುರಿಗಳು ಅಲ್ಲೇ ಮೇಯುತ್ತಿದ್ದವು. ಆ ಸಂಸಾರದ ಹೆಂಗಸು ಅಮ್ಮನನ್ನು "ಅಕ್ಕಯ್ಯ" ಎಂದು ಕರೆಯುತ್ತಿದ್ದಳು. ನನ್ನ ಮಗಳ ಮೊದಲ ಹುಟ್ಟುಹಬ್ಬಕ್ಕೆ ಸೊಂಟಕ್ಕೆ ಕಟ್ಟಲು ಗೆಜ್ಜೆಯ ಉಡಿದಾರ ತಂದವಳು ಅವಳು.

ಕರಾರಿನಲ್ಲಿ ಎರಡು ಪಕ್ಷ. ಕೊಡುವವರು, ಪಡೆಯುವವರು. ಮೂರನೆಯ ಹೆಸರಿಗೆ ಅದರಲ್ಲಿ ಜಾಗವಿರಲಿಲ್ಲ. ಬೇಲಿ ಬಂತು, ಗೇಟು ಬಂತು. ಕೂಲಿ ನಿಂತಿತು, ಹಕ್ಕಲು ನಿಂತಿತು, ಮೇವು ನಿಂತಿತು. ಊರಿನ ಎಷ್ಟೋ ಮನೆಯವರು ಕುರಿ ಮಾರಿದರು. ಕೆಲವರಿಗೆ ಪಾರ್ಕಿನಲ್ಲೇ ಕಾವಲು, ಹುಲ್ಲು ಕೊಯ್ಯುವುದು, ಫಲಕ ತೊಳೆಯುವುದು ಇಂಥ ಕೆಲಸ ಸಿಕ್ಕಿತು. ನಮ್ಮ ಹೊಲದ ಸಂಸಾರಕ್ಕೆ ಸಿಗಲಿಲ್ಲ. ಗಂಡ ಬೆಂಗಳೂರಿಗೆ ಹೋಗಿ ಕಟ್ಟಡದ ಕೆಲಸಕ್ಕೆ ಸೇರಿದ, ಆಮೇಲೆ ಹೆಂಡತಿಯೂ ಹೋದಳು. ಹೋಗುವ ಮುನ್ನ ಅವಳು ಅಮ್ಮನ ಹತ್ತಿರ ಬಂದು, "ಅಕ್ಕಯ್ಯ, ನಮಗೇನು ದಾರಿ?" ಎಂದಿದ್ದಳು. ಅಮ್ಮ ನನ್ನ ಮುಖ ನೋಡಿದಳು. ನಾನು ಕಾನೂನಿನ ಮಾತು ಹೇಳಿದೆ: ಬಾಡಿಗೆ ಮಾಲೀಕರಿಗೆ ಬರುತ್ತದೆ, ಅದು ನಿಯಮ, ಸರ್ಕಾರ ನಿಮಗೆ ಬೇರೆ ಏನಾದರೂ ಮಾಡಬೇಕು. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಈ ಮಾತನ್ನು ನಾನು ಹೇಳಬಹುದಿತ್ತೇ ಎಂದು ಈಗ ಕೇಳಿಕೊಂಡರೆ, ನನ್ನ ಮನೆತನದ ಚರಿತ್ರೆಯೇ ಅಡ್ಡ ಬರುತ್ತದೆ. ಆ ಹೊಲ ನಮ್ಮ ತಾತನಿಗೆ ಬಂದದ್ದು ಕೊಂಡದ್ದರಿಂದಲ್ಲ. ತಾತ ಗೇಣಿದಾರ. ಇನ್ನೊಬ್ಬರ ಹೊಲವನ್ನು ಕೋರಿಗೆ ಮಾಡುತ್ತಿದ್ದವನು. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಫಾರಂ 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತ ಲಕ್ಷಾಂತರ ಜನರಲ್ಲಿ ಅವನೂ ಒಬ್ಬ. ಪಹಣಿಯ ಸಾಗುವಳಿದಾರರ ಕಲಮಿನಲ್ಲಿ ಅವನ ಹೆಸರಿತ್ತು. ಉಳುವವನ ಹೆಸರಿಗೆ ಕಾನೂನು ಬೆಲೆ ಕೊಟ್ಟದ್ದರಿಂದ ನಮಗೆ ನೆಲ ಬಂತು, ನೆಲ ಬಂದದ್ದರಿಂದ ಅಪ್ಪ ನನ್ನನ್ನು ಓದಿಸಿದ, ನಾನು ಓದಿದ್ದರಿಂದ ನನ್ನ ಮಗಳು ಬಾರ್ಸಿಲೋನಾ ತಲುಪಿದಳು. ಕೂಲಿಯವರ ಹೆಸರಿಗೆ ಮಾತ್ರ ಯಾವ ಕಲಮೂ ಇರಲಿಲ್ಲ, ಆಗಲೂ ಇಲ್ಲ, ಈಗಲೂ ಇಲ್ಲ. ತಾತನ ಪಾಲಿಗೆ ತೆರೆದ ಬಾಗಿಲನ್ನು ನಾವು ಮುಚ್ಚಲಿಲ್ಲ ನಿಜ. ಅದು ಇನ್ನೊಬ್ಬರ ಪಾಲಿಗೆ ತೆರೆದಿಲ್ಲ ಎಂಬುದನ್ನು ತಿರುಗಿ ನೋಡಲೂ ಇಲ್ಲ.

ಸಾಂತ್ ಆಂತೋನಿಯ ಆ ಮನೆಯ ಬಾಗಿಲ ಚೌಕಟ್ಟಿನ ಗೀಟುಗಳಿಗೂ ಹಕ್ಕಲಿನ ಕಾಯಿಗೂ ಇರುವ ಸಂಬಂಧ ನನಗೆ ಆ ರಾತ್ರಿ ಅರ್ಥವಾಯಿತು. ಎರಡೂ ಕಡೆ ಕಾಗದ ಶುದ್ಧ. ದುಡ್ಡು ಕೊಡಬೇಕಾದವರು ಕೊಟ್ಟಿದ್ದಾರೆ, ಪಡೆಯಬೇಕಾದವರು ಪಡೆದಿದ್ದಾರೆ. ಎರಡೂ ಕಡೆ, ಆ ಜಾಗದಲ್ಲಿ ಬದುಕಿದವರು ಕಾಗದದ ಹೊರಗಿದ್ದಾರೆ. ಒಂದು ಕಡೆ ನಾನು ಬಾಡಿಗೆ ಪಡೆಯುವವನು, ಇನ್ನೊಂದು ಕಡೆ ಕೊಡುವವನು. ಪಾವಗಡದಲ್ಲಿ ಪಡೆದ ಹಣದ ಒಂದು ಪಾಲು ಬಾರ್ಸಿಲೋನಾದ ಮಾಲೀಕರಿಗೆ ಸೇರಿದೆ. ವೀಸಾ ಕೇಂದ್ರದ ಹುಡುಗಿ ಟಿಕ್ ಹಾಕಿದ ಆ ಒಂದು ಸಾಲು ಇವೆರಡನ್ನೂ ಜೋಡಿಸಿತ್ತು. ಸುದ್ದಿಯನ್ನು ಓದಿಯೂ ನನ್ನ ಕೈ ಯಾಕೆ ತಡೆಯಲಿಲ್ಲ ಎಂದರೆ, ಕರಾರು ಸರಿಯಿದ್ದರೆ ಋಣ ತೀರಿತು ಎಂದು ನಂಬುವ ಅಭ್ಯಾಸ ನನಗೆ ಮೊದಲೇ ಆಗಿತ್ತು. ಅದು ನನಗೆ ಯುರೋಪಿನಿಂದ ಬಂದದ್ದಲ್ಲ.

ಪ್ರವಾಸಿ ಮನೆಗಳ ಬಗ್ಗೆ ಸರ್ಕಾರಗಳು ಮಾಡುತ್ತಿರುವುದು ಕಡಿಮೆಯಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಒಬ್ಬರು ತಮ್ಮ ಮನೆಯನ್ನು ವರ್ಷಕ್ಕೆ 30 ರಾತ್ರಿಗಿಂತ ಹೆಚ್ಚು ಪ್ರವಾಸಿಗರಿಗೆ ಕೊಡುವಂತಿಲ್ಲ. ಲಂಡನ್ನಿನಲ್ಲಿ 90 ರಾತ್ರಿ. ಪ್ಯಾರಿಸಿನಲ್ಲಿ 120 ಇದ್ದದ್ದನ್ನು 2025ರಿಂದ 90ಕ್ಕೆ ಇಳಿಸಿದ್ದಾರೆ. ಬಾಡಿಗೆಗೆ ಕೊಡುವ ಪ್ರತಿ ಮನೆಗೂ ನೋಂದಣಿ ಸಂಖ್ಯೆ ಬೇಕು ಎಂಬ ನಿಯಮವೂ ಹರಡುತ್ತಿದೆ. ಬಾರ್ಸಿಲೋನಾದ ತೀರ್ಮಾನವನ್ನು ಮನೆ ಒಡೆಯರು ವಿರೋಧಿಸುತ್ತಿದ್ದಾರೆ. ಬಾಡಿಗೆ ಏರಿಕೆಗೆ ಪ್ರವಾಸಿ ಮನೆಗಳಷ್ಟೇ ಕಾರಣವಲ್ಲ, ಹೊಸ ಮನೆಗಳನ್ನು ಕಟ್ಟದಿರುವುದೂ ಕಾರಣ ಎಂಬ ಅವರ ವಾದದಲ್ಲಿ ಹುರುಳಿದೆ. ಆದರೆ ಆ ವಾದ ನನ್ನ ಪ್ರಶ್ನೆಗೆ ಉತ್ತರವಲ್ಲ. 10,101ರಲ್ಲಿ ಒಂದು ಮನೆಯ ಹಿಂದಿನ ಸಂಸಾರದ ಕತೆ ನನಗೆ ಗೊತ್ತು. ಅದು ಒಟ್ಟು ಬಾಡಿಗೆಯ ಶೇಕಡಾ ಎಷ್ಟಕ್ಕೆ ಕಾರಣವಾದರೂ, ಆ ಮಕ್ಕಳು ಶಾಲೆ ಬದಲಿಸಿದ್ದು ಪೂರ್ತಿ ನಿಜ.

ಊರಿಗೆ ಬಂದ ಮೇಲೆ ಈ ಪ್ರಶ್ನೆ ನನ್ನ ಮನೆಯೊಳಕ್ಕೇ ಬಂತು. ಮಧುಗಿರಿಯಲ್ಲಿ ನಮ್ಮ ಮೇಲಿನ ಮನೆಯಲ್ಲಿ ಶಾಲಾ ಶಿಕ್ಷಕರೊಬ್ಬರ ಸಂಸಾರ ಬಹಳ ವರ್ಷದಿಂದ ಬಾಡಿಗೆಗಿದೆ. ಶನಿವಾರ ಭಾನುವಾರ ಬೆಂಗಳೂರಿನಿಂದ ಏಕಶಿಲಾ ಬೆಟ್ಟ ಹತ್ತಲು ಬರುವ ಹುಡುಗರು ಹೆಚ್ಚಾಗಿದ್ದಾರೆ. ಕೊರಟಗೆರೆಯ ನನ್ನ ತಂಗಿಯ ಮಗ ಬಂದವನು, "ಮಾವ, ಮೇಲಿನ ಮನೇನ ದಿನದ ಬಾಡಿಗೆಗೆ ಆನ್‌ಲೈನ್‌ನಲ್ಲಿ ಹಾಕೋಣ. ನಮ್ಮ ಕಡೆ ಸಿದ್ದರಬೆಟ್ಟ, ಗೊರವನಹಳ್ಳಿಗೆ ಬರೋರೂ ಕೇಳ್ತಾರೆ. ತಿಂಗಳ ಬಾಡಿಗೆ ನಾಲ್ಕು ರಾತ್ರೀಲಿ ಹುಟ್ಟುತ್ತೆ" ಎಂದ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಅವನು ಹೇಳುತ್ತಿರುವಾಗಲೇ ನನ್ನ ಮನಸ್ಸು ಲೆಕ್ಕ ಹಾಕಲು ಹೊರಟಿತು. ಇಷ್ಟೆಲ್ಲ ಆದ ಮೇಲೂ ಹೊರಟಿತು ಎಂಬುದನ್ನು ಬರೆಯದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಮೇಷ್ಟ್ರ ಹೆಂಡತಿ ಮೇಲಿನಿಂದ ಅಮ್ಮನಿಗೆ ಬಿ.ಪಿ. ಮಾತ್ರೆಯ ಚೀಟಿ ತಂದುಕೊಡಲು ಇಳಿದು ಬಂದರು. ಎದುರು ಬಾಗಿಲಿನ ಆ ಮುದುಕಿಗೆ ಔಷಧಿ ತಂದುಕೊಡುತ್ತಿದ್ದವರೂ ಹೀಗೇ ಬರುತ್ತಿದ್ದಿರಬೇಕು. ತಂಗಿಯ ಮಗನಿಗೆ ಬೇಡ ಎಂದೆ. ಮೇಷ್ಟ್ರಿಗೆ ಮೂರು ವರ್ಷಕ್ಕೆ ಕರಾರು ಬರೆದುಕೊಟ್ಟೆ. ಹನ್ನೊಂದು ತಿಂಗಳಿಗೊಮ್ಮೆ ಬರೆಯುವ ನಮ್ಮ ಕಡೆಯ ರೂಢಿಯಲ್ಲಿ ಬಾಡಿಗೆದಾರರಿಗೆ ನೆಮ್ಮದಿ ಇರುವುದಿಲ್ಲ.

ಯುರೋಪಿಗೆ ಹೋಗಬೇಡಿ ಎಂದು ನಾನು ಹೇಳಲಾರೆ. ಮಕ್ಕಳು ಅಲ್ಲಿದ್ದಾರೆ, ಅಜ್ಜಿಯರು ಅವರನ್ನು ನೋಡಬೇಕು, ಮುದ್ದೆಗೆ ಒಲೆ ಬೇಕು. ಮನೆಯವರು ತಾವೂ ವಾಸವಿದ್ದು ಒಂದೆರಡು ಕೋಣೆಯನ್ನಷ್ಟೇ ಕೊಡುವ ಮನೆಗಳು ಅಲ್ಲಿ ಇವೆ. ಅಡುಗೆಮನೆ ಹಂಚಿಕೊಳ್ಳಬಹುದು, ಯಾರ ಸಂಸಾರವೂ ಅದಕ್ಕಾಗಿ ಖಾಲಿಯಾಗಿರುವುದಿಲ್ಲ. ಸಣ್ಣ ಅಡುಗೆ ಕಟ್ಟೆ ಇರುವ ಹೋಟೆಲುಗಳೂ ಇವೆ. ಖರ್ಚು ಹೆಚ್ಚು ಬೀಳುತ್ತದೆ. ಮುಂದಿನ ಸಲ ನಾವು ಆ ಖರ್ಚನ್ನು ಹೊರುತ್ತೇವೆ, ಆಗದಿದ್ದರೆ ದಿನ ಕಡಿಮೆ ಮಾಡುತ್ತೇವೆ.

ಹೊಲದ ವಿಷಯದಲ್ಲಿ ನಾನೂ ಅಮ್ಮನೂ ಕೂತು ಮಾತಾಡಿದೆವು. ಗುತ್ತಿಗೆ ಹಣ ಎರಡು ವರ್ಷಕ್ಕೊಮ್ಮೆ ಶೇ. 5 ಏರುತ್ತದೆ. ಮೊದಲ ಏರಿಕೆಯೇ ಎಕರೆಗೆ 1,050 ರೂಪಾಯಿ. ಮೂಲದ 21,000 ನಮಗಿರಲಿ, ಅದರ ಮೇಲೆ ಇದುವರೆಗೆ ಏರಿದ್ದು, ಮುಂದೆ ಏರುವುದು ಹೊಲ ಮಾಡಿದ ಸಂಸಾರಕ್ಕೆ ಹೋಗಲಿ ಎಂದಳು ಅಮ್ಮ. ಅವರ ಮಗ ಬೆಂಗಳೂರಿನಲ್ಲಿ ಐ.ಟಿ.ಐ. ಸೇರಿದ್ದಾನೆ, ಫೋನು ಮಾಡಿ ಅವನ ಬ್ಯಾಂಕ್ ಖಾತೆಯ ನಂಬರು ಕೇಳಿದೆ. ಇದನ್ನು ದಾನ ಎಂದು ಕರೆಯಬೇಡ ಎಂದು ಅಮ್ಮ ಎಚ್ಚರಿಸಿದ್ದಾಳೆ. ಅದು ಅವರ ಹಕ್ಕಲು.

ನಾಗಲಮಡಿಕೆ ಹೋಬಳಿಯಲ್ಲಿ ಗುತ್ತಿಗೆ ಹಣ ಪಡೆಯುತ್ತಿರುವ ನನ್ನಂಥ ಪ್ರತಿಯೊಬ್ಬರಲ್ಲೂ ಒಂದು ವಿನಂತಿ. ನಿಮ್ಮ ಹೊಲದಲ್ಲಿ ಕಳೆ ಕಿತ್ತವರು ಯಾರು, ಈಗ ಎಲ್ಲಿದ್ದಾರೆ ಎಂದು ವಿಚಾರಿಸಿ. ಮುಂದಿನ ಏರಿಕೆ ಖಾತೆಗೆ ಬೀಳುವ ಮುಂಚೆ ಅವರಿಗೊಂದು ಫೋನು ಮಾಡಿ.